ಕೊಳದ ನೀರು ಕೈ ಹಿಡಿದ ಬೆಳಗು

"ಮೇಷ್ಟ್ರೇ, ನಮ್ಮಮ್ಮಾವ್ರನ್ನ ಕೊಳದ ನೀರು ಕೈ ಹಿಡಿದು ಎಳೀತು!"

ಇಷ್ಟು ಹೇಳಿ ಅಂಜಿನಮ್ಮ ಶೀನಣ್ಣನವರ ಜಗುಲಿಯ ಮೇಲೆ ಕುಸಿದು ಕೂತಾಗ ವೇಣುಗೋಪಾಲನ ಕೈಯಲ್ಲಿದ್ದ ಅವರೆಯ ಸಿಪ್ಪೆ ಕಾಳಿನ ಪಾತ್ರೆಗೆ ಬಿತ್ತು, ಕಾಳು ಸಿಪ್ಪೆಯ ರಾಶಿಗೆ ಬಿತ್ತು. ಅವನಿಗೆ ನೀರೆಂದರೆ ಮೊದಲೇ ಭಯ. ನೀರು ಕೈಯನ್ನೂ ಹಿಡಿಯುತ್ತದೆಂದರೆ ಕೇಳಬೇಕೆ?

ಚಾಮರಾಜಪೇಟೆಯ ಆ ಹಳೆಯ ಮನೆಯ ಮಹಡಿಯಲ್ಲಿ ವೇಣುಗೋಪಾಲ ಬಾಡಿಗೆಗಿದ್ದ. ಕೆಳಗೆ ಮನೆಯ ಯಜಮಾನರು ಶೀನಣ್ಣ, ನಿವೃತ್ತ ವಿಜ್ಞಾನದ ಮೇಷ್ಟ್ರು. ಬೆಳಗಿನ ಸಂಧ್ಯಾವಂದನೆ ಮುಗಿದ ಮೇಲೆ ಯಾರದೋ ಕಳೆದುಹೋದ ಸರ, ಯಾರದೋ ಮುಚ್ಚಿಹೋದ ಸತ್ಯ ಅವರ ಜಗುಲಿಗೆ ಬಂದೇ ಬರುತ್ತಿತ್ತು. ದೇವರು ಕಣ್ಣು ಕೊಟ್ಟದ್ದು ಅವನು ಬರೆದಿಟ್ಟದ್ದನ್ನು ಓದಲಿಕ್ಕೆ, ಅದರಲ್ಲಿ ತನ್ನ ಜಾಣತನವೇನು ಬಂತು, ಎಂದು ಅವರು ಹೇಳುತ್ತಿದ್ದರು. ಅವರು ಎಲ್ಲಿಗೆ ಹೊರಟರೂ ವೇಣುಗೋಪಾಲ ಹಿಂದೆ ಹೋಗುತ್ತಿದ್ದ. ಎದೆ ಡವಡವ ಅನ್ನುತ್ತಿದ್ದರೂ ಹೋಗುತ್ತಿದ್ದ. ನಿಷ್ಠೆ ಎಂದರೆ ಅದೇ ತಾನೆ.

"ನಿಧಾನವಾಗಿ ಹೇಳಮ್ಮ. ಗಿರಿಜಾಂಬಾ ಅವರು ಹೇಗಿದ್ದಾರೆ?" ಎಂದರು ಶೀನಣ್ಣ.

"ಜೀವ ಐತೆ. ನರ್ಸಿಂಗ್ ಹೋಮ್‌ನಿಂದ ಮಧ್ಯಾಹ್ನ ಕಳಿಸ್ತಾರಂತೆ. ಬೆಳಿಗ್ಗೆ ಕೊಳದ ಹತ್ರ ಹೋದ್ರು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲ್ತಿದ್ವು. ಅಯ್ಯೋ ಅಂತ ಒಂದನ್ನ ಎತ್ತೋಕೆ ಕೈ ಹಾಕಿದ್ರು ನೋಡಿ, ಯಾರೋ ಕೈ ಹಿಡಿದು ಎಳೆದು ಬಿಸಾಕಿದಂಗೆ ಹಿಂದಕ್ಕೆ ಬಿದ್ರು. ನಾನು ಬಟ್ಟೆ ಒಗೆಯೋ ಕಲ್ಲಿನ ಹತ್ರ ಇದ್ದೆ. ನಾನು ಓಡೋದ್ರೊಳಗೆ ಅಮ್ಮಾವ್ರ ಮೈದುನ, ಚಿಕ್ಕೆಜಮಾನ್ರು, ಅಲ್ಲಿದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಅವ್ರು ಹೇಳ್ತಾರೆ, ನೀರಿಗೆ ನಾನೇ ಫಿನಾಯಿಲ್ ಸುರಿದೆ ಅಂತ. ಡಬ್ಬ ಕೊಳದ ಪಕ್ಕಾನೇ ಸಿಕ್ತಂತೆ. ಸಂಜೆ ಪೊಲೀಸ್ನೋರು ಬರ್ತಾರೆ. ಆವತ್ತು ನಮ್ಮಪ್ಪನ್ನ ಕಳ್ಳ ಅಂದ್ರು. ಇವತ್ತು ನನ್ನ ವಿಷ ಹಾಕಿದೋಳು ಅಂತಾರೆ. ನಮ್ಮ ವಂಶಕ್ಕೆ ಆ ಮನೇಲಿ ಇನ್ಯಾವ ಹೆಸರೂ ಇಲ್ವಾ ಮೇಷ್ಟ್ರೇ?"

ಅವಳ ಅಪ್ಪ ದೇವಯ್ಯ ಆ ಮನೆಯ ಕಾವಲಿನವನಾಗಿದ್ದ. ಗಿರಿಜಾಂಬಾ ಸೊಸೆಯಾಗಿ ಬಂದ ಹೊಸತರಲ್ಲಿ ಪೂಜೆಯ ಕೋಣೆಯಿಂದ ಪಂಚಲೋಹದ ನಂದಿ ಕಾಣೆಯಾಯಿತು. ದೇವಯ್ಯನನ್ನು ಹಿಡಿದರು, ಹೊಡೆದರು. ನಂದಿ ಸಿಗಲಿಲ್ಲ. ಆದರೂ ಕಳ್ಳನೆಂಬ ಹೆಸರು ಮಾತ್ರ ಅವನ ಬೆನ್ನಿಗೆ ಅಂಟಿಕೊಂಡಿತು. ಸಾಯುವ ತನಕ ಕಲಾಸಿಪಾಳ್ಯದಲ್ಲಿ ತರಕಾರಿ ಮೂಟೆ ಹೊತ್ತ. ಮಾವನವರು ತೀರಿಕೊಂಡ ಮೇಲೆ ಮನೆಯ ಬೀಗದ ಕೈ ಸೊಂಟಕ್ಕೆ ಬಂದಾಗ, ಗಿರಿಜಾಂಬಾ ಮಾಡಿದ ಮೊದಲ ಕೆಲಸ ದೇವಯ್ಯನ ಮಗಳನ್ನು ಕರೆದು ಅಡುಗೆಮನೆಯ ಬಾಗಿಲು ತೆರೆದದ್ದು.

ಶೀನಣ್ಣ ಎದ್ದು ಶಲ್ಯ ಹೊದ್ದರು. "ಬಾರಯ್ಯ ವೇಣು. ಕಾಳು ಎಲ್ಲೂ ಹೋಗಲ್ಲ."

ನಾಲ್ಕು ಬೀದಿ ದಾಟಿದರೆ ಗಿರಿಜಾಂಬಾ ಅವರ ಮನೆ. ಚಿಕ್ಕಪೇಟೆಯಲ್ಲಿ ಮೂರು ತಲೆಮಾರು ಸೀರೆ ಮಾರಿದ ಲಿಂಗಾಯತ ಕುಟುಂಬ. ಗಂಡ ತೀರಿಕೊಂಡ ಮೇಲೆ ಅವರ ಮನಸ್ಸು ನೆಟ್ಟದ್ದು ಹಿತ್ತಲಿನ ಕೊಳದಲ್ಲಿ. "ಲಿಂಗಾಯತರ ಮನೇಲಿ ಮೀನು ಸಾಕ್ತಾರಂತೆ!" ಎಂದು ಬೀದಿಯವರು ನಕ್ಕರೆ, "ಸಾಕೋದು ನೋಡೋಕೆ ಕಣ್ರೀ, ಸಾರಿಗಲ್ಲ" ಎಂದು ಅವರೂ ನಗುತ್ತಿದ್ದರು.

ಕೊಳದ ಪಕ್ಕದಲ್ಲಿ ಬಿಲ್ವದ ಮರ, ಮರದ ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ಸಣ್ಣ ಶಿವಲಿಂಗ. ಅದರ ಮುಂದಿನ ನೆಲವನ್ನು ಅಂಜಿನಮ್ಮ ದಿನಾ ಬೆಳಿಗ್ಗೆ ಸಗಣಿಯಿಂದ ಸಾರಿಸುತ್ತಿದ್ದಳು. ಹಿತ್ತಲಿನ ಬಾಗಿಲಾಚೆ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ಮುನಿಸಿಪಾಲಿಟಿಯವರು ಬಂದರೂ ಬರಿಗಾಲಲ್ಲೇ.

ವೇಣುಗೋಪಾಲ ಮರಕ್ಕೆ ಆತು ನಿಂತ. ಕೊಳದ ಹತ್ತಿರ ಹೋಗಲು ಕಾಲು ಬರಲಿಲ್ಲ. ಕೆಂಪು ಬಿಳಿ ಮಚ್ಚೆಯ ಮೊಳದುದ್ದದ ಕೋಯಿ ಮೀನುಗಳು ಬಾಯಿ ತೆರೆದು ತೇಲುತ್ತಿದ್ದವು. ನೀರು ಮಾತ್ರ ಕನ್ನಡಿಯ ಹಾಗೆ ಸುಮ್ಮನಿತ್ತು. ಆ ಸುಮ್ಮನಿರುವಿಕೆಯೇ ಅವನ ಬೆನ್ನಿನಲ್ಲಿ ಚಳಿ ಹರಿಸಿತು.

"ಕಳೆದ ವಾರ ನೀರು ರಕ್ತದ ಹಾಗೆ ಕೆಂಪಗಾಗಿತ್ತು ಸ್ವಾಮಿ" ಎಂದು ಅಂಜಿನಮ್ಮ ಪಿಸುಗುಟ್ಟಿದಳು. "ಚಿಕ್ಕೆಜಮಾನ್ರು ಹೇಳಿದ್ರು, ಕೆಳಗೆ ಹಳೇ ಬಾವಿ ಐತೆ, ಅದ್ರಲ್ಲಿ ಬಿದ್ದ ಹೆಣ್ಣಿಗೆ ಶಾಂತಿ ಆಗಿಲ್ಲ, ಕೆದಕಬಾರ್ದು ಅಂತ. ನಾನು ಆವತ್ತಿಂದ ಇಲ್ಲಿ ದೀಪ ಇಡ್ತಿದೀನಿ."

ಶೀನಣ್ಣ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಟ್ಟದೆ, ಮೂಗು ಇಳಿಸಿ ವಾಸನೆ ನೋಡಿದರು. ಆಮೇಲೆ ತಾವರೆ ಎಲೆಗಳ ಸಂದಿಗೆ ಬೆರಳು ತೋರಿಸಿದರು. "ವೇಣು, ಅಲ್ಲೇನು ಓಡಾಡ್ತಿದೆ?"

ಅವನು ಕತ್ತು ಉದ್ದ ಮಾಡಿದ. ಅಕ್ಕಿಕಾಳಿನಷ್ಟು ಸಣ್ಣ ಮೀನುಗಳು ಗುಂಪುಗುಂಪಾಗಿ ಸುಳಿಯುತ್ತಿದ್ದವು.

"ಗಪ್ಪಿ ಸರ್. ಸೊಳ್ಳೆ ಮರಿ ತಿನ್ಲಿ ಅಂತ ಬಿಟ್ಟಿದ್ವಿ" ಎಂದು ಹಿಂದಿನಿಂದ ದನಿ ಬಂತು. ಕೊಳವನ್ನು ಸರಿಪಡಿಸಲು ಗಿರಿಜಾಂಬಾ ಗೊತ್ತುಮಾಡಿದ್ದ ಹುಡುಗಿ ಹರ್ಷಿತಾ. ಬರಿಗಾಲಲ್ಲಿ ನಿಂತಿದ್ದಳು, ಕಣ್ಣು ಅತ್ತು ಊದಿದ್ದವು. "ಇವತ್ತೇ ಕೆಲಸ ಶುರು ಮಾಡೋದಿತ್ತು. ಮೀನನ್ನೆಲ್ಲ ಡ್ರಮ್ಮಿಗೆ ವರ್ಗಾಯಿಸೋಣ ಅಂತ ಆಂಟಿ ಬೇಗ ಎದ್ದಿದ್ರು."

"ಏನು ಕೆಲಸ ಮಗು?"

"ಈ ಕೊಳದ ಆಳ ತುಂಬಾ ಕಮ್ಮಿ ಸರ್. ಬೇಸಿಗೆ ಬಂದ್ರೆ ನೀರು ಕಾದು ಮೀನು ಒದ್ದಾಡುತ್ವೆ. ಬಿಲ್ವದ ಎಲೆ ಬಿದ್ದು ತಳದಲ್ಲಿ ಕೊಳೀತಿದೆ. ಅದಕ್ಕೆ ಮೇಲೊಂದು ಬಲೆ, ಆ ಮೂಲೇಲಿ ಜಲ್ಲಿ ತುಂಬಿ ಕಾಬಾಳೆ ಗಿಡ ನೆಟ್ರೆ ನೀರು ಅದರೊಳಗೆ ಹಾದು ತಿಳಿಯಾಗುತ್ತೆ. ಒಂದು ಕಡೆ ಮಾತ್ರ ಆಳ ಮಾಡ್ಬೇಕು, ಮೀನು ತಂಪಿಗೆ ಇಳಿಯೋಕೆ. ತಳ ಬಡಿದು ನೋಡಿದ್ರೆ ಈ ಕಡೆ ಟೊಳ್ಳು ಸದ್ದು ಬಂತು. ಹಳೇ ಬಾವಿ ಇದ್ರೆ ಅದೃಷ್ಟ, ಅಗೆಯೋ ಕೆಲಸವೇ ಇಲ್ಲ ಅಂದೆ. ಆದ್ರೆ ಆಂಟಿ ಮೈದುನ ಮುರುಗೇಶ್ ಅಂಕಲ್ ಇಲ್ಲಿ ಬಾವಿಯೇ ಇರ್ಲಿಲ್ಲ, ಸುಮ್ನೆ ಮನೆ ತಳಪಾಯ ಅಲ್ಲಾಡಿಸ್ಬೇಡ ಅಂತ ರೇಗಿದ್ರು."

"ಪಂಪಿನ ಕರೆಂಟು?"

"ಅದು ನಾನೇ ಹಾಕ್ಸಿದ್ದು. ನೀರಿಗೆ ಸ್ವಲ್ಪ ಕರೆಂಟು ಸೋರಿದ್ರೂ ತಾನೇ ಬೀಳೋ ಸ್ವಿಚ್ ಇದೆ. ನಾನು ಬಂದ ತಕ್ಷಣ ನೋಡ್ದೆ, ಬಿದ್ದಿಲ್ಲ. ಹಾಗಾಗಿ ಕರೆಂಟಲ್ಲ ಸರ್. ಮತ್ತೆ ಏನು ಅಂತ ನಂಗೂ ಗೊತ್ತಾಗ್ತಿಲ್ಲ. ಹೆದರಿಕೆ ಆಗ್ತಿದೆ."

ಶೀನಣ್ಣ ಸಾರಿಸಿದ ನೆಲದ ಮೇಲೆ ಬಗ್ಗಿದರು. ಒಣಗುತ್ತಿದ್ದ ಸಗಣಿಯಲ್ಲಿ ಕಾಲುಗಳ ಗುರುತು ಕಲಸಿಹೋಗಿದ್ದವು. ಒಂದು ಕಡೆ ಅವರ ಬೆರಳು ನಿಂತಿತು. ಚೌಕಚೌಕ ಗೆರೆಯ ಒಂದು ಅಚ್ಚು. ಅದರ ಮೇಲೆ, ಅರ್ಧ ಮುಚ್ಚಿದಂತೆ, ಹೆಂಗಸಿನ ಬರಿಗಾಲಿನ ಗುರುತು. ಹೆಬ್ಬೆರಳ ಪಕ್ಕದ ಬೆರಳಲ್ಲಿ ಕಾಲುಂಗುರವಿಲ್ಲದ, ಸ್ವಲ್ಪ ಒಳಕ್ಕೆ ಬಾಗಿದ ಪಾದ.

"ಅದು ಅಮ್ಮಾವ್ರದ್ದೇ" ಎಂದಳು ಅಂಜಿನಮ್ಮ. "ಕೆಳಗಿಂದು... ಚಪ್ಪಲೀದು! ಯಾವ ಪಾಪಿ ಇಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದ?"

"ನೀನು ಸಾರಿಸಿದ ಮೇಲೆ ಬಂದಿದ್ದಾನೆ, ನಿಮ್ಮಮ್ಮಾವ್ರಿಗಿಂತ ಮೊದಲು ಬಂದಿದ್ದಾನೆ" ಎಂದರು ಶೀನಣ್ಣ. ವೇಣುಗೋಪಾಲ ತಿರುಗಿ ಹಿತ್ತಲಿನ ಒಂದೊಂದು ಮೂಲೆಯನ್ನೂ ನೋಡಿದ. ದೆವ್ವಕ್ಕೆ ಚಪ್ಪಲಿ ಬೇಕಿಲ್ಲ ಎಂಬುದು ಹೊಳೆದಾಗ ಅವನ ಭಯ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು.

ಮಧ್ಯಾಹ್ನ ಗಿರಿಜಾಂಬಾ ಬಂದರು. ಬಲಗೈಗೆ ಬ್ಯಾಂಡೇಜು, ಮುಖ ವಿಭೂತಿಯಷ್ಟೇ ಬಿಳಿ. ಮೈದುನ ಮುರುಗೇಶ ಅವರನ್ನು ತೋಳು ಹಿಡಿದು ಕೂರಿಸಿದ. ಎತ್ತರದ ಆಳು, ಹಣೆಯಲ್ಲಿ ಮೂರೆಳೆ ವಿಭೂತಿ. ಎಲ್ಲರಿಗೂ ತಾನೇ ಬೆಲ್ಲ ನೀರು ತಂದುಕೊಟ್ಟ.

"ಅತ್ತಿಗೆ ಉಳಿದದ್ದು ಶಿವನ ದಯೆ ಮೇಷ್ಟ್ರೇ. ನಾನು ಮೇಲೆ ಲಿಂಗಪೂಜೇಲಿದ್ದೆ. ಅಂಗೈ ಮೇಲೆ ಲಿಂಗ ಇತ್ತು. ಅತ್ತಿಗೆ ಕಿರುಚಿದ್ದು ಕೇಳ್ತು, ಹಾಗೇ ಮೆಟ್ಟಿಲು ಇಳಿದು ಓಡಿ ಬಂದೆ. ಫಿನಾಯಿಲ್ ಡಬ್ಬ ಅಲ್ಲೇ ಬಿದ್ದಿತ್ತು. ನಾನು ಯಾರ ಮೇಲೂ ಸುಮ್ನೆ ಅಪವಾದ ಹೊರಿಸೋನಲ್ಲ. ಆದ್ರೆ ಹಾವಿನ ಮರಿ ಹಾವೇ ಅಲ್ವಾ?"

"ಮುರುಗೇಶ, ಆ ಮಾತು ನನ್ನ ಮುಂದೆ ಬೇಡ" ಎಂದರು ಗಿರಿಜಾಂಬಾ, ದನಿ ಏರಿಸದೆ.

ಶೀನಣ್ಣ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. "ಗಿರಿಜಮ್ಮ, ನನಗೆ ನಿಮ್ಮ ಸಂಪ್ರದಾಯ ಅಷ್ಟು ಗೊತ್ತಿಲ್ಲ. ಪೂಜೆ ಮಧ್ಯೆ ಏಳಬೇಕಾಗಿ ಬಂದ್ರೆ ಲಿಂಗವನ್ನ ಏನು ಮಾಡ್ತೀರಿ?"

"ಹಾಗೆಲ್ಲ ಬಿಟ್ಟು ಏಳೋ ಹಾಗಿಲ್ಲ. ಎಷ್ಟೇ ಅವಸರ ಇದ್ರೂ ವಸ್ತ್ರದಲ್ಲಿ ಸುತ್ತಿ, ಕರಡಿಗೆಗೆ ಇಟ್ಟು, ಕೊರಳಿಗೆ ಕಟ್ಟಿಕೊಂಡೇ ಏಳಬೇಕು. ಪ್ರಾಣ ಹೋದ್ರೂ ಅದನ್ನ ನೆಲಕ್ಕಿಡಲ್ಲ."

"ಸರಿ ಸರಿ" ಎಂದು ಶೀನಣ್ಣ ಮಾತು ಬದಲಿಸಿದರು. "ಇಲ್ಲಿ ಹಳೇ ಬಾವಿ ಇತ್ತಾ ಅಮ್ಮ?"

"ಇತ್ತಲ್ಲ! ನಾನು ಮದುವೆಯಾಗಿ ಬಂದಾಗ ಅದರ ನೀರೇ ಸೇದಿದ್ದೆ. ನಲ್ಲಿ ಬಂದ ಮೇಲೆ ಯಾರೂ ಸೇದ್ತಿರ್ಲಿಲ್ಲ. ಒಂದು ದಿನ ಮಾವನವರು ಇದ್ದಕ್ಕಿದ್ದಂತೆ ಚಪ್ಪಡಿ ಎಳೆಸಿ ಮುಚ್ಚಿಸಿದ್ರು. ನಂದಿ ಕಳೆದುಹೋದ ವರ್ಷವೇ ಅದು."

ಮುರುಗೇಶ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಶೀನಣ್ಣ ವೇಣುಗೋಪಾಲನ ಕಿವಿಯ ಬಳಿ ಬಗ್ಗಿದರು. "ಮೇಲೆ ಅವನ ಬಚ್ಚಲುಮನೆಗೆ ಹೋಗಿ ರಬ್ಬರ್ ಚಪ್ಪಲಿ ಇದೆಯಾ ನೋಡ್ಕೊಂಡು ಬಾ."

"ನಾನಾ?"

"ಇನ್ನೇನು, ನಾನು ಹೋದ್ರೆ ಅನುಮಾನ ಬರುತ್ತೆ. ನಿನ್ನ ಮುಖ ನೋಡಿದ್ರೆ ಹೊಟ್ಟೆ ಕೆಟ್ಟಿದೆ ಅಂತ ಯಾರಾದ್ರೂ ನಂಬ್ತಾರೆ."

ಮರದ ಮೆಟ್ಟಿಲು ಹೆಜ್ಜೆಹೆಜ್ಜೆಗೂ ಕಿರುಗುಟ್ಟಿತು. ವೇಣುಗೋಪಾಲ ರಾಮನಾಮ ಹಿಡಿದುಕೊಂಡೇ ಏರಿದ. ಬಚ್ಚಲುಮನೆಯ ನೆಲ ಒಣಗಿತ್ತು. ಬಾಗಿಲ ಹಿಂದೆ ನೀಲಿ ರಬ್ಬರ್ ಚಪ್ಪಲಿಗಳನ್ನು ಗೋಡೆಗೆ ಒರಗಿಸಿ ಇಡಲಾಗಿತ್ತು. ಒಂದನ್ನು ತಿರುಗಿಸಿದ. ಅಡಿಯಲ್ಲಿ ಚೌಕಚೌಕ ಗೆರೆ. ಪಟ್ಟಿಯ ಮೇಲೆ ಎಷ್ಟೋ ದಿನದ ಧೂಳು ಹಾಗೇ ಕೂತಿತ್ತು. ಅಡಿಯನ್ನು ಮಾತ್ರ ಬ್ರಷ್ಷಿನಿಂದ ಉಜ್ಜಿ ತೊಳೆದು ಹೊಸದರಂತೆ ಮಾಡಿದ್ದರು.

"ಏನ್ ಹುಡುಕ್ತಿದೀರಿ ವೇಣುಗೋಪಾಲ್?"

ಮುರುಗೇಶ ಬಾಗಿಲಿಗೆ ಅಡ್ಡ ನಿಂತಿದ್ದ. ನಗುತ್ತಿದ್ದ, ಆದರೆ ಕಣ್ಣು ಚಪ್ಪಲಿಯ ಮೇಲಿತ್ತು. ಈ ಕೈಯೇ ಬೆಳಿಗ್ಗೆ ನೀರೊಳಗಿನ ಕೈ ಎಂದು ವೇಣುಗೋಪಾಲನ ಮೈಯೆಲ್ಲ ಕೂಗಿ ಹೇಳಿತು.

"ಬರಿಗಾಲಲ್ಲಿ ಒಳಗೆ ಹೋಗೋದು ಹೇಗೆ ಅಂತ... ಹೊಟ್ಟೆ ಸರಿಯಿಲ್ಲ ಸಾರ್" ಎಂದು ಚಪ್ಪಲಿಯೊಳಗೆ ಕಾಲು ತೂರಿಸಿ ಚಿಲಕ ಹಾಕಿಕೊಂಡ. ಹೊರಗೆ ಉಸಿರಿನ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಕೊನೆಗೆ ಮೆಟ್ಟಿಲು ಕಿರುಗುಟ್ಟಿತು. ಅಷ್ಟರಲ್ಲಿ ಅವನ ಹೊಟ್ಟೆ ನಿಜಕ್ಕೂ ಕೆಟ್ಟಿತ್ತು.

ಸಂಜೆ ಬಿಸಿಲು ಬಿಲ್ವದ ನೆತ್ತಿಗೆ ಹೋದಾಗ ಸಬ್ ಇನ್ಸ್‌ಪೆಕ್ಟರ್ ಹೆಣ್ಣುಮಗಳು ಬಂದಳು. ಎಲ್ಲರೂ ಹಿತ್ತಲಿನಲ್ಲಿ ಕೂತರು. ಅಂಜಿನಮ್ಮ ಮಾತ್ರ ಕಟ್ಟೆಯ ಪಕ್ಕ ನಿಂತಿದ್ದಳು, ಕರೆದೊಯ್ಯಲು ಬಂದವರ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು. ಆ ನಿಲುವನ್ನು ನೋಡಿ ವೇಣುಗೋಪಾಲನಿಗೆ ತನ್ನ ಹೆದರಿಕೆ ನಾಚಿಕೆಯಾಗಿ ಕಂಡಿತು.

"ನೀರಿನಿಂದಲೇ ಶುರು ಮಾಡೋಣ" ಎಂದರು ಶೀನಣ್ಣ, ಪಾಠ ಹೇಳುವ ದನಿಯಲ್ಲಿ. ಬಕೆಟ್ಟಿನ ನೀರಿಗೆ ಆ ಡಬ್ಬದಿಂದ ಒಂದು ಮುಚ್ಚಳ ಫಿನಾಯಿಲ್ ಸುರಿದರು. ನೀರು ಹಾಲಾಯಿತು, ವಾಸನೆ ಮೂಗಿಗೆ ಹೊಡೆಯಿತು. "ಕೊಳದ ನೀರು ತಿಳಿಯಾಗಿದೆ, ವಾಸನೆ ಇಲ್ಲ. ಅಂದ್ರೆ ಈ ಡಬ್ಬ ಇಲ್ಲಿಗೆ ಬಂದದ್ದು ಮೀನು ಕೊಲ್ಲೋಕಲ್ಲ, ಒಬ್ಬಳ ಹೆಸರು ಕೊಲ್ಲೋಕೆ."

"ಬೇರೆ ವಿಷ ಇರಬಹುದಲ್ಲ?" ಎಂದಳು ಸಬ್ ಇನ್ಸ್‌ಪೆಕ್ಟರ್.

"ವಿಷಕ್ಕೆ ಮೊದಲು ಸಾಯೋದು ಸಣ್ಣವು. ಇಲ್ಲಿ ಗಪ್ಪಿಗಳು ಆಡ್ತಿವೆ, ಮೊಳದುದ್ದದವು ಸತ್ತಿವೆ. ದೊಡ್ಡದನ್ನು ಹುಡುಕಿ ಹೊಡೆಯೋದು ಒಂದೇ ಒಂದು, ಕರೆಂಟು. ಮೈ ಉದ್ದ ಇದ್ದಷ್ಟೂ ಅದರ ಏಟು ಜಾಸ್ತಿ. ಒದ್ದೆ ಕೈ, ಬರಿಗಾಲು, ಯಾರೋ ಹಿಡಿದು ಎಳೆದ ಹಾಗಾಗೋದು, ಇವೆಲ್ಲ ಅದರದ್ದೇ ಗುರುತು."

"ಆದ್ರೆ ನನ್ನ ಸ್ವಿಚ್ಚು..." ಎಂದಳು ಹರ್ಷಿತಾ.

"ನಿನ್ನ ಸ್ವಿಚ್ಚು ಸುಳ್ಳು ಹೇಳಿಲ್ಲ ಮಗು. ಕರೆಂಟು ನಿನ್ನ ತಂತಿಯಿಂದ ಬರಲೇ ಇಲ್ಲ. ಹಿಂದಿನ ವರಾಂಡದಲ್ಲಿ ರುಬ್ಬೋ ಯಂತ್ರದ ಹಳೇ ಸ್ವಿಚ್ ಬೋರ್ಡಿದೆ. ಅದಕ್ಕೆ ಅಂಥ ಕಾವಲಿಲ್ಲ. ಒಂದು ಉದ್ದ ತಂತಿಯ ತುದಿ ಬಿಚ್ಚಿ ನೀರಿಗೆ ಬಿಟ್ಟು, ಇನ್ನೊಂದು ತುದೀನ ಅಲ್ಲಿಗೆ ಚುಚ್ಚಿದ್ರೆ ಸಾಕು. ಆ ಕೆಲಸ ಮಾಡಿದವನಿಗೆ ಬರಿಗಾಲಲ್ಲಿ ಇಲ್ಲಿಗೆ ಬರೋ ಧೈರ್ಯ ಇರಲಿಲ್ಲ. ಶಿವನ ಮುಂದೆ ರಬ್ಬರ್ ಚಪ್ಪಲಿ ಮೆಟ್ಟಿದ. ಸಾರಿಸಿದ ನೆಲ ಅದನ್ನು ಇಟ್ಟುಕೊಂಡಿದೆ. ಚಪ್ಪಲಿಯ ಅಡಿಯನ್ನು ಮಾತ್ರ ತೊಳೆದು ಒಣಗಿಸಿದ್ದಾರೆ. ವೇಣು ಅದನ್ನು ಜೀವ ಕೈಲಿ ಹಿಡ್ಕೊಂಡು ನೋಡಿ ಬಂದಿದ್ದಾನೆ."

ಎಲ್ಲರ ಕಣ್ಣೂ ಮುರುಗೇಶನ ಕಡೆ ತಿರುಗಿತು.

"ಚಪ್ಪಲಿ ಎಲ್ಲರ ಮನೇಲೂ ಇರ್ತವೆ" ಎಂದ ಅವನು. "ನಾನು ಪೂಜೇಲಿದ್ದೆ ಅಂದ್ನಲ್ಲ!"

"ಪೂಜೇಲಿದ್ದವರು ಲಿಂಗ ಸುತ್ತಿ, ಕರಡಿಗೆಗಿಟ್ಟು, ಕಟ್ಟಿಕೊಂಡು, ಆಮೇಲೆ ಆ ಮೆಟ್ಟಿಲು ಇಳಿದು ಬರಬೇಕು. ಅಂಜಿನಮ್ಮ ಒಗೆಯೋ ಕಲ್ಲಿನಿಂದ ಎದ್ದು ಓಡಿ ಬರೋದ್ರೊಳಗೆ ನೀವು ಇಲ್ಲಿದ್ರಿ. ನೀವು ಬಂದದ್ದು ಮೇಲಿಂದಲ್ಲ, ವರಾಂಡದಿಂದ. ಅತ್ತಿಗೆ ಬೇಗ ಬರ್ತಾರೆ ಅಂತ ನಿಮಗೆ ಗೊತ್ತಿರಲಿಲ್ಲ. ಅವರು ಬಿದ್ದದ್ದು ನೋಡಿ ತಂತಿ ಕಿತ್ತಿರಿ. ಅಷ್ಟರ ಮಟ್ಟಿಗೆ ಅವರ ಪ್ರಾಣ ಉಳಿಸಿದವರೂ ನೀವೇ."

ಬಿಲ್ವದ ಎಲೆಯೊಂದು ನೀರಿಗೆ ಬಿತ್ತು.

"ಯಾಕೆ ಅಂತ ಕೇಳ್ತೀರಾ? ಈ ಮನೇಲಿ ಹುಟ್ಟಿ ಬೆಳೆದವರು ಹರ್ಷಿತಾಗೆ ಇಲ್ಲಿ ಬಾವಿಯೇ ಇರಲಿಲ್ಲ ಅಂದ್ರಿ. ಅಂಜಿನಮ್ಮನಿಗೆ ಬಾವಿಯೊಳಗಿನ ಹೆಣ್ಣಿನ ಕತೆ ಹೇಳಿದ್ರಿ. ಒಬ್ಬಳಿಗೆ ಇಲ್ಲದ ಬಾವಿ ಇನ್ನೊಬ್ಬಳಿಗೆ ಹೇಗೆ ಬಂತು? ಬಾವಿಗೆ ಹಾಕೋ ಪರ್ಮಾಂಗನೇಟ್ ಹರಳಿನಿಂದ ನೀರು ಕೆಂಪು ಮಾಡಿ ಹೆದರಿಸಿದ್ರಿ. ನಿಮ್ಮ ಅತ್ತಿಗೆ ಹೆದರಲಿಲ್ಲ. ಮೀನು ಸತ್ತರೆ ಕೊಳವನ್ನೇ ಮುಚ್ಚಿಸ್ತಾರೆ ಅಂದುಕೊಂಡಿರಿ. ನಿಮಗೆ ಬೇಕಾಗಿದ್ದುದು ಒಂದೇ, ಆ ಚಪ್ಪಡಿ ಏಳಬಾರದು." ಶೀನಣ್ಣ ಹರ್ಷಿತಾಳ ಕಡೆ ತಿರುಗಿದರು. "ನೀರು ಖಾಲಿ ಮಾಡಿಸಮ್ಮ. ತಳ ಒಡೆಸು."

"ಬೇಡ!" ಎಂದು ಮುರುಗೇಶ ಎದ್ದು ನಿಂತ. ಆಮೇಲೆ ಕೂತುಬಿಟ್ಟ. ಅವನ ಮುಖದಲ್ಲಿ ವೇಣುಗೋಪಾಲ ಅಷ್ಟೂ ಹೊತ್ತು ತನ್ನ ಎದೆಯಲ್ಲಿ ಹೊತ್ತಿದ್ದ ಅದೇ ಭಯವನ್ನು ಕಂಡ. ವ್ಯತ್ಯಾಸವಿಷ್ಟೇ, ಅದು ಯೌವನದಿಂದ ಒಳಗೇ ಕೂತು ಕೊಳೆತದ್ದು.

"ಅಪ್ಪ ನಂದೀನ ಅಣ್ಣನಿಗೆ ಕೊಡ್ತೀನಿ ಅಂದಿದ್ರು" ಎಂದ. "ಹೊಟ್ಟೆಕಿಚ್ಚಿಗೆ ಬಾವಿಗೆ ಹಾಕ್ದೆ. ನೀರು ಸೇದದ ಬಾವಿ, ನಾಲ್ಕು ದಿನ ಬಿಟ್ಟು ತೆಗೆಯೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಬಾವಿ ಮುಚ್ಚಿಸಿಬಿಟ್ರು. ದೇವಯ್ಯನ್ನ ಹೊಡೆಯುವಾಗ ನಾನು ಇಲ್ಲೇ ನಿಂತಿದ್ದೆ, ಈ ಮರದ ಕೆಳಗೆ. ಬಾಯಿ ತೆರೆದೆ. ಮಾತು ಬರಲಿಲ್ಲ."

"ಇವತ್ತು ಬಂತಲ್ಲ, ಅವನ ಮಗಳ ಮೇಲೆ" ಎಂದರು ಗಿರಿಜಾಂಬಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮುರುಗೇಶನಿಗೆ ಅದೇ ಹಗುರವಾಗುತ್ತಿತ್ತೇನೋ. "ನನ್ನ ಕೈ ಸುಟ್ಟದ್ದಕ್ಕೆ ಏನು ಬರೆದುಕೊಳ್ತೀರೋ ಬರೆದುಕೊಳ್ಳಿ ಅಮ್ಮ" ಎಂದು ಸಬ್ ಇನ್ಸ್‌ಪೆಕ್ಟರಿಗೆ ಹೇಳಿದರು. ಆಮೇಲೆ ಅಂಜಿನಮ್ಮನ ಕಡೆ ನೋಡಿದರು. "ನಿನಗೇನು ಬೇಕು, ನೀನೇ ಕೇಳು."

ಅಂಜಿನಮ್ಮ ಕಟ್ಟಿದ ಕೈ ಬಿಚ್ಚಿದಳು.

"ನಮ್ಮಪ್ಪ ಸತ್ತಾಗ ಹೆಗಲು ಕೊಡೋಕೆ ನಮ್ಮ ಬೀದಿಯೋರು ಬರ್ಲಿಲ್ಲ. ಕಳ್ಳನ ಹೆಣ ಅಂದ್ರು. ಇಲ್ಲಿ ಹೇಳಿದ್ದನ್ನ ಅಲ್ಲಿಗೆ ಬಂದು ಹೇಳ್ಲಿ. ನಂಗೆ ಅಷ್ಟೇ."

"ಸ್ಟೇಷನ್ನಿಗೆ ಆಮೇಲೆ ಹೋಗೋಣ" ಎಂದಳು ಸಬ್ ಇನ್ಸ್‌ಪೆಕ್ಟರ್, ಟೋಪಿ ಹಾಕಿಕೊಳ್ಳುತ್ತ.

ಹಾಗೆ ಆ ಸಂಜೆ ಅವರೆಲ್ಲ ಕಲಾಸಿಪಾಳ್ಯದ ಹಿಂದಿನ, ದೇವಯ್ಯ ಬಾಳಿದ ಓಣಿಗೆ ನಡೆದರು. ಕೊಳೆತ ಎಲೆಕೋಸಿನ ವಾಸನೆ, ಮೂಟೆಗಳ ಕೂಗು, ಲಾರಿಗಳ ಹಾರ್ನು. ಓಣಿಯ ಬಾಯಿಗೆ ಬಂದಾಗ ಮುರುಗೇಶನ ಹೆಜ್ಜೆ ನಿಂತಿತು. ವೇಣುಗೋಪಾಲ ಅವನ ಮೊಣಕೈ ಹಿಡಿದ. ಯಾಕೆ ಹಿಡಿದೆನೆಂದು ಅವನಿಗೇ ತಿಳಿಯದು. ಪ್ರಾಯಶಃ ಭಯದಲ್ಲಿ ನಡೆಯುವುದು ಹೇಗೆಂದು ಅಲ್ಲಿದ್ದವರಲ್ಲಿ ಚೆನ್ನಾಗಿ ಬಲ್ಲವನು ಅವನೊಬ್ಬನೇ.

ಬಾಗಿಲುಗಳಿಂದ ತಲೆಗಳು ಹೊರಬಂದವು. ಮುರುಗೇಶ ತಲೆ ತಗ್ಗಿಸಿ, ಕೇಳಿಸಿಯೂ ಕೇಳಿಸದ ಹಾಗೆ ಗೊಣಗಿದ: "ದೇವಯ್ಯ ಕದೀಲಿಲ್ಲ. ಕದ್ದೋನು ನಾನು."

ಒಂದು ಹೊಸ್ತಿಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಮುದುಕಿ ತಲೆ ಎತ್ತಲೇ ಇಲ್ಲ.

"ಇನ್ನೂ ಜೋರಾಗಿ ಹೇಳಿ ಚಿಕ್ಕೆಜಮಾನ್ರೇ" ಎಂದಳು ಅಂಜಿನಮ್ಮ. "ನಮ್ಮವ್ವಂಗೆ ಕಿವಿ ಸ್ವಲ್ಪ ಮಂದ."